ಆಕರಪಾಠದ ಪ್ರತಿಲೇಖನ ಮತ್ತು ಎಡಿಟರಿನ ಕಾಗುಣಿತದ ಗುರುತು

ಹಳೆಯ ವರದಿಗಳನ್ನೂ ಶಾಸನಗ್ರಂಥಗಳ ಇಂಗ್ಲಿಷ್ ಪೀಠಿಕೆಗಳನ್ನೂ ಗಣಕಯಂತ್ರದಲ್ಲಿ ಪ್ರತಿಮಾಡಿಕೊಳ್ಳುವ ವಿದ್ಯಾರ್ಥಿಗೆ ಎಡಿಟರಿನ ಕಾಗುಣಿತ ಪರೀಕ್ಷೆಯು ಉಪಕಾರಿಯಾದಷ್ಟೇ ಅಪಾಯಕಾರಿಯೂ ಆಗಬಲ್ಲುದು. ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಗ್ರಂಥದ ಶೀರ್ಷಿಕೆಯಲ್ಲಿ ಊರಿನ ಹೆಸರು ‘ಸ್ರವಣ ಬೆಳ್ಗೊಳ’ ಎಂದು ಎರಡು ಪದಗಳಾಗಿ ಅಚ್ಚಾಗಿದೆ. ಅದನ್ನು ಇಂದಿನ ರೂಢಿಗೆ ತಿದ್ದಿದರೆ ಆಕರವು ಆಕರವಾಗಿ ಉಳಿಯದು. ಕೆಂಪು ಗುರುತನ್ನು ನಂಬಿ ನಾವೇ ಒಮ್ಮೆ ಇಂತಹ ರೂಪಗಳನ್ನು ತಿದ್ದಿಬಿಟ್ಟು, ಇಡೀ ಪ್ರತಿಯನ್ನು ಮೂಲದೊಡನೆ ಮತ್ತೆ ತಾಳೆ ನೋಡಬೇಕಾಯಿತು.

ಬ್ರಾಂ ಮೋಲೆನಾರರು 1991ರಲ್ಲಿ ಹೊರತಂದ ‘ವಿಮ್’ ಎಡಿಟರಿಗೆ ಈ ಪರೀಕ್ಷೆಯು 2006ರ ಏಳನೆಯ ಆವೃತ್ತಿಯಲ್ಲಿ ಸೇರಿತು. ಅದು ಪದಗಳನ್ನು ನಾಲ್ಕು ಬಗೆಯಾಗಿ ಗುರುತಿಸುತ್ತದೆ. ಪದಪಟ್ಟಿಯಲ್ಲಿಲ್ಲದ್ದು ‘ಸ್ಪೆಲ್‌ಬ್ಯಾಡ್’, ವಾಕ್ಯಾರಂಭದ ದೊಡ್ಡಕ್ಷರ ತಪ್ಪಿದ್ದು ‘ಸ್ಪೆಲ್‌ಕ್ಯಾಪ್’, ವಿರಳಪ್ರಯೋಗವು ‘ಸ್ಪೆಲ್‌ರೇರ್’, ಬೇರೊಂದು ದೇಶದ ರೂಢಿಯದು ‘ಸ್ಪೆಲ್‌ಲೋಕಲ್’. ಬ್ರಿಟಿಷ್ ಇಂಗ್ಲಿಷನ್ನು ಆರಿಸಿಕೊಂಡಿದ್ದರೆ ಅಮೆರಿಕನ್ ಕಾಗುಣಿತಗಳು ಈ ಕೊನೆಯ ಗುಂಪಿಗೆ ಬೀಳುತ್ತವೆ. ಮೊದಲನೆಯ ಗುಂಪಿನ ಹೆಸರು ಏನೇ ಇರಲಿ, ಪದವು ತಪ್ಪೆಂದು ಅದು ಸಾಧಿಸುವುದಿಲ್ಲ, ಪಟ್ಟಿಯಲ್ಲಿಲ್ಲವೆಂದಷ್ಟೇ ತಿಳಿಸುತ್ತದೆ.

ಆದರೆ ಟರ್ಮಿನಲಿನಲ್ಲಿ ಸಾಮಾನ್ಯವಾಗಿ ಆ ಪದದ ಹಿನ್ನೆಲೆಯೇ ಕೆಂಪಾಗುತ್ತದೆ. ರಾಜರ, ಊರುಗಳ, ದಾನಿಗಳ ಹೆಸರು ತುಂಬಿದ ಪುಟವು ಕುಂಕುಮ ಚೆಲ್ಲಿದಂತಾಗಿ, ನಮ್ಮದೇ ಬೆರಳಿನ ಪ್ರಮಾದವು ಆ ಗದ್ದಲದಲ್ಲಿ ಅಡಗಿಹೋಗುತ್ತದೆ. ಪರಿಹಾರವು ಸುಲಭ. ವಿಮ್‌ನ ಸಿದ್ಧತಾ ಕಡತದಲ್ಲಿ ‘ಹೈಲೈಟ್ ಕ್ಲಿಯರ್’ ಆಜ್ಞೆಯಿಂದ ‘ಸ್ಪೆಲ್‌ಬ್ಯಾಡ್’ನ ಮೊದಲಿನ ಬಣ್ಣವನ್ನು ಅಳಿಸಿ, ಬಳಿಕ ‘ಹೈಲೈಟ್’ ಆಜ್ಞೆಯಿಂದಲೇ ಅದಕ್ಕೆ ಕೇವಲ ಅಡಿಗೆರೆಯನ್ನು ವಿಧಿಸಬೇಕು. ಈ ಸಾಲುಗಳು ವರ್ಣಯೋಜನೆಯನ್ನು ಆರಿಸುವ ಸಾಲಿನ ಕೆಳಗೇ ಇರತಕ್ಕದ್ದು. ಮೇಲಿದ್ದರೆ ವರ್ಣಯೋಜನೆಯು ಅವುಗಳನ್ನು ಅಳಿಸಿಬಿಡುವುದು. ಅನೇಕರು ಸೋಲುವುದು ಇಲ್ಲಿಯೇ.

ಮತ್ತೆ ಮತ್ತೆ ಬರುವ ಹೆಸರಿನ ಮೇಲೆ ಕರ್ಸರನ್ನಿಟ್ಟು ‘ಝಡ್’, ‘ಜಿ’ ಕೀಲಿಗಳನ್ನು ಒತ್ತಿದರೆ ಅದು ನಮ್ಮ ಖಾಸಗಿ ಪಟ್ಟಿಗೆ ಶಾಶ್ವತವಾಗಿ ಸೇರುತ್ತದೆ. ಕದಂಬ, ಹಲ್ಮಿಡಿ ಮೊದಲಾದವುಗಳಿಗೆ ಇದು ಯುಕ್ತವೇ. ರೈಸರ ಕಾಲದ ರೂಪಗಳನ್ನು ಮಾತ್ರ ಹೀಗೆ ಸೇರಿಸಬಾರದು. ಸೇರಿಸಿದಲ್ಲಿ ನಾಳೆ ನಮ್ಮ ಸ್ವಂತ ಬರಹದಲ್ಲಿ ಅವು ನುಸುಳಿದರೂ ಎಡಿಟರು ಸುಮ್ಮನಿರುತ್ತದೆ. ಅಂಥವಕ್ಕೆ ಎರಡನೆಯ ಅಕ್ಷರವನ್ನು ದೊಡ್ಡಕ್ಷರವಾಗಿ ಒತ್ತಬೇಕು. ಆ ಒಪ್ಪಿಗೆಯು ತಾತ್ಕಾಲಿಕವಾದುದು. ವಿಮ್ ಮುಚ್ಚಿದೊಡನೆ ಅದೂ ಮುಗಿಯುತ್ತದೆ.