ಪತ್ರಗಳಲ್ಲಿ ದೊರೆತ ಕೀಟ್ಸ್

ಸುಕುಮಾರನೆಂದೂ, ಸೌಂದರ್ಯಸ್ವಪ್ನದಲ್ಲಿ ಮೈಮರೆತವನೆಂದೂ, ಕಟುವಿಮರ್ಶೆಯ ಆಘಾತಕ್ಕೆ ನೊಂದು ಅಳಿದವನೆಂದೂ ಲೋಕವು ಬಹುಕಾಲ ಭಾವಿಸಿದ್ದ ಆಂಗ್ಲಕವಿ ಜಾನ್ ಕೀಟ್ಸನು ತನ್ನ ಪತ್ರಗಳಲ್ಲಿ ಬೇರೊಬ್ಬನಾಗಿಯೇ ಗೋಚರಿಸುತ್ತಾನೆ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯವನ್ನು ಅಭ್ಯಸಿಸಿ, 1818ರ ಡಿಸೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡ ತಮ್ಮ ಟಾಮನಿಗೆ ತಾನೇ ಶುಶ್ರೂಷೆ ಮಾಡಿದ್ದ ಈ ತರುಣನು ದುಃಖವನ್ನು ಗ್ರಂಥಗಳಿಂದ ಅರಿತವನಲ್ಲ.

ಅಮೆರಿಕೆಗೆ ವಲಸೆಹೋದ ಇನ್ನೊಬ್ಬ ತಮ್ಮ ಜಾರ್ಜನಿಗೂ ಆತನ ಪತ್ನಿಗೂ 1819ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಬಿಡುವಾದಾಗಲೆಲ್ಲ ಬರೆಯುತ್ತ ಬಂದ ಒಂದೇ ದೀರ್ಘಪತ್ರದಲ್ಲಿ, ಸ್ನೇಹಿತರ ಸುದ್ದಿ, ಕ್ರಿಕೆಟ್ ಆಡುವಾಗ ಚೆಂಡು ತಗುಲಿ ಕಣ್ಣು ಕಪ್ಪಿಟ್ಟ ವೃತ್ತಾಂತ, ಆಗತಾನೆ ರಚಿಸಿದ ಕವಿತೆಗಳು, ಇವೆಲ್ಲದರ ನಡುವೆಯೇ, ಸಂಕಟಮಯವಾದ ಈ ಜಗತ್ತೇ ಜೀವವನ್ನು ಆತ್ಮವನ್ನಾಗಿ ರೂಪಿಸುವ ಪಾಠಶಾಲೆಯೆಂಬ ಗಂಭೀರ ಚಿಂತನೆ ಸಹಜವಾಗಿ ಮೂಡಿಬರುತ್ತದೆ. ಅದೇ ವರ್ಷದ ಪ್ರಗಾಥಗಳನ್ನು ಈ ಪತ್ರದ ಜೊತೆಗಿಟ್ಟು ಓದಿದಾಗ, ಕೇವಲ ಇಂದ್ರಿಯಸುಖದ ಮಾಧುರ್ಯವೆಂದು ತೋರಿದ್ದುದರ ಆಳದಲ್ಲಿ ವಿಯೋಗವನ್ನು ಕಣ್ಣಾರೆ ಕಂಡವನ ಧೈರ್ಯವಿರುವುದು ಸ್ಪಷ್ಟವಾಗುತ್ತದೆ.

ಫ್ಯಾನಿ ಬ್ರಾನಳಿಗೆ ಬರೆದ ಪ್ರೇಮಪತ್ರಗಳು 1878ರಲ್ಲಿ ಅಚ್ಚಾದಾಗ ಹಲವರು ಮುಖ ಸಿಂಡರಿಸಿದರು. ಮ್ಯಾಥ್ಯೂ ಆರ್ನಲ್ಡನಂಥ ವಿಮರ್ಶಕನೂ ಅವುಗಳ ಪ್ರಕಟಣೆಗಾಗಿ ವಿಷಾದಪಟ್ಟನು. ಆದರೆ ಅವುಗಳಲ್ಲಿನ ಅಸೂಯೆ, ಕಾತರ, ಅಸಹಾಯಕತೆಗಳು ನನಗೆಂದೂ ಕವಿಯ ಕುಂದಾಗಿ ತೋರಿಲ್ಲ. 1820ರಲ್ಲಿ ತಾನೇ ಕೆಮ್ಮಿದ ರಕ್ತದ ಬಣ್ಣವನ್ನು ಕಂಡು ಮರಣವನ್ನು ಗುರುತಿಸಿದ ವೈದ್ಯನು, ಇಪ್ಪತ್ತೈದು ತುಂಬುವ ಮೊದಲೇ ಪ್ರೀತಿಯನ್ನು ತೊರೆಯಬೇಕಾದಾಗ, ಸಂಯಮದಿಂದ ಬರೆಯಬೇಕಿತ್ತೆಂದು ಬಯಸುವುದು ನ್ಯಾಯವಲ್ಲ.