ಬಳಸುದಾರಿಯೇ ಬೇಗ!

ದಾರಿ ಹೆಚ್ಚಿದರೆ ಹೊತ್ತೂ ಹೆಚ್ಚು ಎಂಬುದು ಕಾಲ್ನಡಿಗೆಯವನಿಗೂ ಬಂಡಿ ಹೊಡೆಯುವವನಿಗೂ ತಿಳಿದ ಲೆಕ್ಕ. ಆಕಾಶಮಾರ್ಗದಲ್ಲಿ ಈ ಲೆಕ್ಕ ತಲೆಕೆಳಗಾಗುವುದುಂಟು. 2016ರ ಅಕ್ಟೋಬರ್ ತಿಂಗಳಲ್ಲಿ ಏರ್ ಇಂಡಿಯಾ ಸಂಸ್ಥೆ ಇದನ್ನು ಮಾಡಿ ತೋರಿಸಿತು.

ಅದುವರೆಗೆ ಆ ಸಂಸ್ಥೆಯ ವಿಮಾನವು ದೆಹಲಿಯಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಸಾಗರದ ಮೇಲಿಂದ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. ಆ ತಿಂಗಳು ವಿಮಾನ ಪೂರ್ವಾಭಿಮುಖವಾಗಿ ಹೊರಟು ಪೆಸಿಫಿಕ್ ಮಹಾಸಾಗರವನ್ನು ದಾಟಿತು. ದಾರಿ 15,300 ಕಿಲೋಮೀಟರಿಗೆ ಬೆಳೆಯಿತು. ಪಯಣದ ಹೊತ್ತು ಮಾತ್ರ ಸುಮಾರು ಎರಡು ಗಂಟೆ ಕುಗ್ಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು!

ಈ ಚಮತ್ಕಾರಕ್ಕೆ ಕಾರಣ ಗಾಳಿ. ನೆಲದಿಂದ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ವಾಯುನದಿ ಹರಿಯುತ್ತಿರುತ್ತದೆ. ಉಷ್ಣವಲಯದ ಬಿಸಿಗಾಳಿಗೂ ಧ್ರುವಪ್ರದೇಶದ ತಣ್ಣನೆಯ ಗಾಳಿಗೂ ಇರುವ ಅಂತರ ಅದಕ್ಕೆ ಬಲವನ್ನೂ, ಭೂಮಿಯ ಭ್ರಮಣೆ ಅದಕ್ಕೆ ದಿಕ್ಕನ್ನೂ ಕೊಡುತ್ತವೆ. ಜಪಾನಿನ ಹವಾತಜ್ಞ ವಾಸಾಬುರೊ ಓಯಿಶಿ ಬೆಲೂನುಗಳನ್ನು ಹಾರಿಬಿಟ್ಟು ಈ ವಾಯುನದಿಯನ್ನು ಅಳೆದರು. ವರದಿಯನ್ನು 1926ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಜಗತ್ತಿಗೆಲ್ಲ ತಿಳಿಯಲೆಂದು ಆರಿಸಿದ ಭಾಷೆ ಅದು. ಆದರೆ ಅದನ್ನು ಓದಬಲ್ಲವರೇ ವಿರಳ. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಯುದ್ಧವಿಮಾನಗಳಿಗೆ ಈ ಗಾಳಿಯ ಪೆಟ್ಟು ಅನುಭವದಿಂದಲೇ ತಿಳಿಯಬೇಕಾಯಿತು.

ದೊಡ್ಡ ಜೆಟ್ ವಿಮಾನವು ಗಾಳಿಯನ್ನು ಸೀಳಿಕೊಂಡು ಗಂಟೆಗೆ ಸುಮಾರು 900 ಕಿಲೋಮೀಟರ್ ಸಾಗುತ್ತದೆ. ನೂರು ಕಿಲೋಮೀಟರ್ ವೇಗದ ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ಅದು ಸಾಗುವುದು 800 ಮಾತ್ರ; ಅದೇ ಗಾಳಿ ಬೆನ್ನಿಗೆ ನಿಂತರೆ ಸಾವಿರ. ಪೆಸಿಫಿಕ್ ದಾರಿಯಲ್ಲಿ ದೊರೆತ ಸರಾಸರಿ ಗಂಟೆಗೆ 1,055 ಕಿಲೋಮೀಟರ್.

ಇದು ಬರಿಯ ವಿನೋದದ ವಿಷಯವಲ್ಲ. ವಿಮಾನ ಇಂಧನವನ್ನು ಉರಿಸುವುದು ಆಕಾಶದಲ್ಲಿ ಕಳೆದ ಪ್ರತಿಯೊಂದು ಗಂಟೆಗೂ. ಎದುರುಗಾಳಿ ಪ್ರಬಲವಾದ ದಿನ ಹೆಚ್ಚು ಇಂಧನ ಹೊರಬೇಕು. ಅದಕ್ಕಾಗಿ ಸರಕನ್ನೋ ಪ್ರಯಾಣಿಕರನ್ನೋ ಬಿಟ್ಟುಹೋಗುವ ಪ್ರಸಂಗವೂ ಬರಬಹುದು. ಮಹಾಸಾಗರದ ನಡುವೆ ಇಂಧನ ತುಂಬಿಕೊಳ್ಳಲು ತಾಣವೆಲ್ಲಿ? ಆದುದರಿಂದಲೇ ಹೊರಡುವ ಮೊದಲು ಮಾರ್ಗವನ್ನು ಗೊತ್ತುಮಾಡುವವರು ಭೂಪಟದಷ್ಟೇ ಶ್ರದ್ಧೆಯಿಂದ ಗಾಳಿಯ ಪಟವನ್ನೂ ನೋಡುತ್ತಾರೆ.

ಸಾನ್ ಫ್ರಾನ್ಸಿಸ್ಕೋದಿಂದ ಮರಳುವ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ, ಮತ್ತೆ ಪೂರ್ವಕ್ಕೇ ಬರುತ್ತಿತ್ತು. ಹೀಗೆ ಹೋಗಿ ಬಂದವರು ತಮಗರಿವಿಲ್ಲದೆಯೇ ಒಂದು ಭೂಪ್ರದಕ್ಷಿಣೆಯನ್ನು ಮುಗಿಸಿರುತ್ತಿದ್ದರು!

2021ರ ಜನವರಿಯಲ್ಲಿ ಮಹಿಳಾ ವೈಮಾನಿಕರೇ ನಡೆಸಿದ ವಿಮಾನವೊಂದು ಸಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮಾರ್ಗವಾಗಿ ನೇರವಾಗಿ ಬೆಂಗಳೂರಿಗೆ ಬಂದಿಳಿಯಿತು. ಎರಡು ನಗರಗಳ ಅಂತರ ಸುಮಾರು 14,000 ಕಿಲೋಮೀಟರ್. ತಗುಲಿದ ಹೊತ್ತು 17 ಗಂಟೆಗೂ ಹೆಚ್ಚು. ಪೆಸಿಫಿಕ್ಕಿನ ದಾರಿಗಿಂತ ಇದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹತ್ತಿರ. ಪಯಣವೋ ಎರಡೂವರೆ ಗಂಟೆಗೂ ಮಿಗಿಲಾಗಿ ದೀರ್ಘ. ದೂರದೇಶದಿಂದ ಬರುವ ಮಕ್ಕಳಿಗಾಗಿ ವಿಮಾನನಿಲ್ದಾಣದಲ್ಲಿ ಕಾಯುವ ಹಿರಿಯರು ಕಿಲೋಮೀಟರುಗಳನ್ನು ಎಣಿಸುವ ಬದಲು ಅಂದಿನ ಗಾಳಿ ಎತ್ತ ಬೀಸುತ್ತಿದೆಯೆಂದು ವಿಚಾರಿಸುವುದೇ ಲೇಸು.