ವಾಸಸ್ಥಳ ಬದಲಾವಣೆಗೆ ಪೂರ್ವಸಿದ್ಧತೆ: ತಡಸದಿಂದ ಹುಬ್ಬಳ್ಳಿಗೆ ತೆರಳುವ ಕುಟುಂಬಗಳಿಗೆ ಮಾಹಿತಿ

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ತಡಸ ಗ್ರಾಮವು ಹುಬ್ಬಳ್ಳಿಯಿಂದ ಮುಂಡಗೋಡ, ಶಿರಸಿ ಕಡೆಗೆ ಹೋಗುವ ಮಾರ್ಗದಲ್ಲಿದೆ. ಮಕ್ಕಳ ವಿದ್ಯಾಭ್ಯಾಸ, ಉದ್ಯೋಗ ಹಾಗೂ ಚಿಕಿತ್ಸೆಯ ಕಾರಣಗಳಿಂದ ಇಲ್ಲಿನ ಕುಟುಂಬಗಳು ಹುಬ್ಬಳ್ಳಿಗೆ ವಾಸ ಬದಲಿಸುವುದುಂಟು. ಸಾಮಾನು ಸಾಗಿಸುವುದು ಒಂದು ದಿನದ ಕೆಲಸ. ಆದರೆ ಬಿಟ್ಟುಬಂದ ಒಂದು ಪತ್ರಕ್ಕಾಗಿ ಮರಳಿ ಊರಿಗೆ ಹೋಗಬೇಕಾದಾಗ ಬಸ್ಸಿನ ಖರ್ಚಿನೊಂದಿಗೆ ಆ ದಿನದ ಕೂಲಿಯೂ ನಷ್ಟವಾಗುತ್ತದೆ. ಮಗುವಿನ ಶಾಲಾ ಪ್ರವೇಶ, ವೃದ್ಧರ ಪಿಂಚಣಿ, ತಿಂಗಳ ಪಡಿತರ ಇವುಗಳಿಗೆ ತೊಡಕಾದರೆ ಇನ್ನೂ ಹೆಚ್ಚಿನ ತೊಂದರೆಯಾಗುತ್ತದೆ. ಇದನ್ನು ತಪ್ಪಿಸಲು ಅನುಸರಿಸಬಹುದಾದ ಕ್ರಮವನ್ನು ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಎಲ್ಲ ಕೆಲಸಗಳನ್ನೂ ಮೂರು ಭಾಗಗಳಾಗಿ ವಿಂಗಡಿಸಿಕೊಳ್ಳುವುದು ಸೂಕ್ತ: ಹಳೆಯ ಊರಿನಲ್ಲಿ ಮಾತ್ರ ಆಗುವ ಕೆಲಸಗಳು, ಹೊಸ ಊರಿನಲ್ಲಿ ಆಗಬೇಕಾದ ಕೆಲಸಗಳು, ಮತ್ತು ಬದಲಾಯಿಸುವ ಅಗತ್ಯವೇ ಇಲ್ಲದವು.

1. ಸಮಯದ ಆಯ್ಕೆ

ಶಾಲಾ ಮಕ್ಕಳಿರುವ ಕುಟುಂಬಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳು ಅನುಕೂಲಕರ. ಜೂನ್‌ನಲ್ಲಿ ಮುಂಗಾರು ಆರಂಭವಾಗಿ ಬಿತ್ತನೆಯ ಕೆಲಸವೂ ಬರುತ್ತದೆ. ಅದರ ನಂತರದ ಆಷಾಢದಲ್ಲಿ ಹೊಸ ಮನೆ ಪ್ರವೇಶಿಸದಿರುವ ರೂಢಿಯೂ ಹಲವು ಮನೆಗಳಲ್ಲಿದೆ. ದಿನ ನಿಶ್ಚಯವಾದ ಕೂಡಲೇ, ಕನಿಷ್ಠ ಒಂದು ತಿಂಗಳು ಮುಂಚಿತವಾಗಿ, ಕೆಳಗಿನ ಕೆಲಸಗಳನ್ನು ಪ್ರಾರಂಭಿಸುವುದು ಒಳ್ಳೆಯದು.

2. ತಡಸ ಬಿಡುವ ಮುನ್ನ ಮುಗಿಸಬೇಕಾದ ಕೆಲಸಗಳು

ಶಾಲೆಯ ವರ್ಗಾವಣೆ ಪತ್ರ: ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಸಲ್ಲಿಸಿ ವರ್ಗಾವಣೆ ಪತ್ರ ಪಡೆಯಬೇಕು. ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಶಿಕ್ಷಣ ಹಕ್ಕು ಅಧಿನಿಯಮ, 2009ರ 5ನೇ ಪ್ರಕರಣದಂತೆ, ಬೇರೆ ಶಾಲೆಗೆ ಸೇರುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ನೀಡತಕ್ಕದ್ದು. ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ. 1ರಿಂದ 8ನೇ ತರಗತಿಯವರೆಗಿನ ಮಕ್ಕಳ ಪಾಲಕರು ಈ ಅಂಶವನ್ನು ತಿಳಿದಿರುವುದು ಅವಶ್ಯ.

ಅಡುಗೆ ಅನಿಲ: ಊರು ಬದಲಾಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹಳೆಯ ವಿತರಕರಿಗೆ ಒಪ್ಪಿಸಿ ವರ್ಗಾವಣೆ ವೋಚರ್ ಪಡೆಯಬೇಕು. ಹುಬ್ಬಳ್ಳಿಯಲ್ಲಿ ಅದೇ ಕಂಪನಿಯ ವಿತರಕರಿಗೆ ಈ ವೋಚರ್ ನೀಡಿ ಸಂಪರ್ಕ ಮುಂದುವರಿಸಬಹುದು. ಒಲೆಯನ್ನು ಮಾತ್ರ ಜೊತೆಗೆ ಒಯ್ಯಬೇಕು. ತುಂಬಿದ ಸಿಲಿಂಡರನ್ನು ಸಾಮಾನಿನ ನಡುವೆ ಇಟ್ಟು ಸಾಗಿಸುವುದು ಅಪಾಯಕರ.

ಅಂಗನವಾಡಿ ಮತ್ತು ಆರೋಗ್ಯ: ಗರ್ಭಿಣಿಯರು, ಬಾಣಂತಿಯರು ಮತ್ತು ಚಿಕ್ಕ ಮಕ್ಕಳು ಇರುವ ಮನೆಯವರು ಊರು ಬಿಡುವ ವಿಷಯವನ್ನು ಅಂಗನವಾಡಿ ಕಾರ್ಯಕರ್ತೆಗೆ ಹಾಗೂ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ತಾಯಿ ಕಾರ್ಡನ್ನು ಸಾಮಾನಿನ ಗಂಟಿನಲ್ಲಿ ಕಟ್ಟದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಮುಂದಿನ ಲಸಿಕೆಯನ್ನು ಹುಬ್ಬಳ್ಳಿಯ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ಆದರೆ ಹಿಂದೆ ಯಾವ ಲಸಿಕೆಯಾಗಿದೆ ಎಂಬುದು ಕಾರ್ಡಿನಿಂದಲೇ ತಿಳಿಯುತ್ತದೆ.

ಗ್ರಾಮ ಪಂಚಾಯತಿ ಮತ್ತು ನಾಡ ಕಚೇರಿ: ಮನೆ ತೆರಿಗೆ ಹಾಗೂ ನೀರಿನ ಕರ ಪಾವತಿಸಿ ರಸೀದಿ ಪಡೆಯಬೇಕು. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳು ಈಗಾಗಲೇ ಇದ್ದಲ್ಲಿ ಅವುಗಳ ಮೇಲಿನ ಆರ್.ಡಿ. ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು.

ಅಂಚೆ: ಹೊಸ ವಿಳಾಸಕ್ಕೆ ಪತ್ರಗಳನ್ನು ಕಳುಹಿಸುವಂತೆ ಅಂಚೆ ಕಚೇರಿಗೆ ಲಿಖಿತ ಮನವಿ ನೀಡಬಹುದು. ಅಂಚೆ ಉಳಿತಾಯ ಖಾತೆ ಮತ್ತು ಸುಕನ್ಯಾ ಸಮೃದ್ಧಿ ಖಾತೆಗಳನ್ನು ಹುಬ್ಬಳ್ಳಿಯ ಅಂಚೆ ಕಚೇರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ.

3. ಹುಬ್ಬಳ್ಳಿ ತಲುಪಿದ ನಂತರ ಮಾಡಬೇಕಾದ ಕೆಲಸಗಳು

ಬಾಡಿಗೆ ಕರಾರು: ಮುಂದಿನ ಹಲವು ಅರ್ಜಿಗಳಿಗೆ ಇದು ವಿಳಾಸದ ಆಧಾರವಾಗುವುದರಿಂದ ಮೊದಲು ಇದನ್ನು ಮಾಡಿಕೊಳ್ಳಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಅಧಿನಿಯಮ, 1908ರಂತೆ ನೋಂದಾಯಿಸುವುದು ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಮುಂಗಡ ಹಣಕ್ಕೆ ರಸೀದಿ ಪಡೆಯಬೇಕು. ಮನೆಯ ಕೀಲಿ ಪಡೆದ ದಿನವೇ ವಿದ್ಯುತ್ ಮೀಟರಿನ ಅಂಕಿಯನ್ನು ಮಾಲೀಕರ ಸಮಕ್ಷಮ ಗುರುತು ಹಾಕಿಕೊಂಡರೆ ಹಿಂದಿನ ಬಾಡಿಗೆದಾರರ ಬಾಕಿಯ ವಿವಾದ ಬರುವುದಿಲ್ಲ.

ಆಧಾರ್: ವಿಳಾಸವನ್ನು ಆಧಾರ್ ಸೇವಾ ಕೇಂದ್ರದಲ್ಲಿ ಅಥವಾ ಜಾಲತಾಣದ ಮೂಲಕ ಬದಲಿಸಬಹುದು. ಸ್ವಂತ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದ ಹೆಂಡತಿ, ಮಕ್ಕಳು ಹಾಗೂ ತಂದೆತಾಯಿಯರಿಗೆ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇರೆಗೆ ವಿಳಾಸ ಬದಲಿಸುವ ಸೌಲಭ್ಯವು 2023ರಿಂದ ಲಭ್ಯವಿದೆ. ಆದ್ದರಿಂದ ಮುಖ್ಯಸ್ಥರ ವಿಳಾಸವನ್ನು ಮೊದಲು ಬದಲಿಸಿಕೊಳ್ಳುವುದು ಸೂಕ್ತ.

ಮತದಾರರ ಪಟ್ಟಿ: ವಾಸ ಬದಲಾದವರು ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. 2022ರ ಆಗಸ್ಟ್‌ನಿಂದ ಕ್ಷೇತ್ರದ ಒಳಗಿನ ಹಾಗೂ ಹೊರಗಿನ ಬದಲಾವಣೆಗಳೆರಡಕ್ಕೂ ಇದೊಂದೇ ನಮೂನೆ. ಶಿಗ್ಗಾವಿ ವಿಧಾನಸಭಾ ಕ್ಷೇತ್ರವು ಧಾರವಾಡ ಲೋಕಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿಯೇ ಇರುವುದರಿಂದ, ಹುಬ್ಬಳ್ಳಿಗೆ ಬಂದವರಿಗೆ ಲೋಕಸಭಾ ಕ್ಷೇತ್ರ ಬದಲಾಗುವುದಿಲ್ಲ; ವಿಧಾನಸಭಾ ಕ್ಷೇತ್ರ ಹಾಗೂ ಮತಗಟ್ಟೆ ಬದಲಾಗುತ್ತವೆ. ಎರಡು ಕಡೆ ಹೆಸರು ಇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ವಿವರಗಳಿಗೆ 1950 ಸಹಾಯವಾಣಿಗೆ ಕರೆ ಮಾಡಬಹುದು.

ವಿದ್ಯುತ್ ಮತ್ತು ಗೃಹಜ್ಯೋತಿ: ಹಾವೇರಿ ಮತ್ತು ಧಾರವಾಡ ಜಿಲ್ಲೆಗಳೆರಡೂ ಹೆಸ್ಕಾಂ ವ್ಯಾಪ್ತಿಯಲ್ಲಿವೆ. ತಡಸದ ಮನೆ ಖಾಲಿಯಾದಲ್ಲಿ ಗೃಹಜ್ಯೋತಿ ಯೋಜನೆಯಡಿ ತಮ್ಮ ಆಧಾರ್‌ಗೆ ಜೋಡಣೆಯಾಗಿರುವ ಹಳೆಯ ಆರ್.ಆರ್. ಸಂಖ್ಯೆಯನ್ನು ಬಿಡಿಸಿಕೊಂಡು, ನಂತರ ಬಾಡಿಗೆ ಮನೆಯ ಸಂಖ್ಯೆಗೆ ಜೋಡಿಸಿಕೊಳ್ಳಬೇಕು. ಹಳೆಯದನ್ನು ಬಿಡಿಸದೆ ಹೊಸ ನೋಂದಣಿ ಆಗುವುದಿಲ್ಲ.

ವಾಹನ: ಮೋಟಾರು ವಾಹನಗಳ ಅಧಿನಿಯಮ, 1988ರ 49ನೇ ಪ್ರಕರಣದಂತೆ ವಿಳಾಸ ಬದಲಾವಣೆಯನ್ನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ರಾಜ್ಯದೊಳಗಿನ ಬದಲಾವಣೆಯಾದ್ದರಿಂದ ಹಾವೇರಿಯ ಕೆಎ-27 ಸಂಖ್ಯೆಯನ್ನು ಬದಲಿಸುವ ಅಗತ್ಯವಿಲ್ಲ.

4. ಬದಲಾಯಿಸುವ ಅಗತ್ಯವಿಲ್ಲದವು

ಪಡಿತರ ಚೀಟಿಯನ್ನು ರದ್ದುಪಡಿಸಿ ಹೊಸದಕ್ಕೆ ಅರ್ಜಿ ಸಲ್ಲಿಸುವುದು ಅನಗತ್ಯ. ಅಂತರ ಪೋರ್ಟಬಿಲಿಟಿ ವ್ಯವಸ್ಥೆಯಲ್ಲಿ ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಿಂದಲೂ ಬಯೋಮೆಟ್ರಿಕ್ ನೀಡಿ ಪಡಿತರ ಪಡೆಯಬಹುದು. ವಿಳಾಸ ತಿದ್ದುಪಡಿಯನ್ನು ಆಹಾರ ಇಲಾಖೆಯು ಅವಕಾಶ ನೀಡುವ ಅವಧಿಯಲ್ಲಿ ಮಾಡಿಸಿಕೊಂಡರೆ ಸಾಕು.

ಪಿಂಚಣಿ ಮತ್ತು ಗೃಹಲಕ್ಷ್ಮಿ ಹಣ ಜಮೆಯಾಗುವ ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಬಾರದು. ಹೊಸ ಖಾತೆಗೆ ಒಂದು ಕಂತು ಜಮೆಯಾದುದನ್ನು ಖಚಿತಪಡಿಸಿಕೊಂಡ ನಂತರವೇ ಹಳೆಯ ಖಾತೆಯ ವಿಚಾರ ಮಾಡಬೇಕು.

ಜಮೀನಿನ ಪಹಣಿಯು ಭೂಮಿ ತಂತ್ರಾಂಶದ ಮೂಲಕ ಎಲ್ಲಿಂದಲಾದರೂ ದೊರೆಯುವುದರಿಂದ ಅದಕ್ಕಾಗಿ ಊರಿಗೆ ಬರಬೇಕಾಗಿಲ್ಲ.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಪ್ರತ್ಯೇಕವಾಯಿತು. ಆದ್ದರಿಂದ ಅದಕ್ಕಿಂತ ಹಿಂದಿನ ಜನನ ಪ್ರಮಾಣ ಪತ್ರ, ಶಾಲಾ ದಾಖಲೆಗಳಲ್ಲಿ ತಡಸದ ಮುಂದೆ ಧಾರವಾಡ ಜಿಲ್ಲೆ ಎಂದಿರುವುದು ತಪ್ಪಲ್ಲ. ಇದನ್ನು ತಿದ್ದಿಸಲು ಕಚೇರಿಗಳಿಗೆ ಅಲೆಯದೆ, ಪ್ರಶ್ನೆ ಬಂದಲ್ಲಿ ಈ ಕಾರಣವನ್ನು ತಿಳಿಸಿದರೆ ಸಾಕು.

5. ಹಿರಿಯರು ಊರಿನಲ್ಲಿಯೇ ಉಳಿಯುವುದಾದರೆ

ಅನೇಕ ಕುಟುಂಬಗಳಲ್ಲಿ ಮಗ, ಸೊಸೆ, ಮಕ್ಕಳು ನಗರಕ್ಕೆ ಹೋದರೂ ತಂದೆತಾಯಿಯರು ಹೊಲಮನೆ ನೋಡಿಕೊಂಡು ಊರಿನಲ್ಲಿಯೇ ಇರುತ್ತಾರೆ. ಇಂತಹ ಸಂದರ್ಭದಲ್ಲಿ ಕೆಳಕಂಡ ಅಂಶಗಳನ್ನು ಗಮನಿಸಬೇಕು.

ಒಂದೇ ಪಡಿತರ ಚೀಟಿಯಲ್ಲಿರುವ ಯಾವುದೇ ಸದಸ್ಯರು ಪಡಿತರ ಪಡೆಯಬಹುದು. ಹುಬ್ಬಳ್ಳಿಯಲ್ಲಿ ಆ ತಿಂಗಳ ಪೂರ್ಣ ಪಾಲನ್ನು ಪಡೆದರೆ ತಡಸದ ಅಂಗಡಿಯಿಂದ ಹಿರಿಯರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಯಾರು, ಎಲ್ಲಿ ಪಡೆಯಬೇಕೆಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಹಾಗೆಯೇ, ಹಿರಿಯರು ವಾಸವಿರುವ ಮನೆಯ ಗೃಹಜ್ಯೋತಿ ಜೋಡಣೆಯನ್ನು ಬಿಡಿಸಬಾರದು. ಅನಿಲ ಸಂಪರ್ಕವನ್ನು ವರ್ಗಾಯಿಸುವ ಮೊದಲು ಅದು ಯಾರ ಹೆಸರಿನಲ್ಲಿದೆ, ಅವರ ಅಡುಗೆಗೆ ಬೇರೆ ವ್ಯವಸ್ಥೆ ಇದೆಯೇ ಎಂಬುದನ್ನು ನೋಡಬೇಕು. ಊರಿನಲ್ಲಿ ಉಳಿಯುವವರ ಹೆಸರಿನಲ್ಲಿ ನಮೂನೆ 8 ಸಲ್ಲಿಸಬಾರದು. ಗೃಹಲಕ್ಷ್ಮಿ ಸೌಲಭ್ಯವು ಪಡಿತರ ಚೀಟಿಯಲ್ಲಿನ ಯಜಮಾನಿಗೆ ಸಲ್ಲುವುದರಿಂದ, ಅತ್ತೆಯವರು ಯಜಮಾನಿಯಾಗಿದ್ದಲ್ಲಿ ಅವರ ಹೆಸರನ್ನು ಬದಲಿಸುವ ಮೊದಲು ಅವರೊಂದಿಗೆ ಚರ್ಚಿಸುವುದು ಯುಕ್ತ.

6. ದಾಖಲೆಗಳ ಚೀಲ

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ವರ್ಗಾವಣೆ ಪತ್ರ, ಅನಿಲ ವೋಚರ್, ತಾಯಿ ಕಾರ್ಡ್, ಪ್ರಮಾಣ ಪತ್ರಗಳು, ಪಿಂಚಣಿ ಮಂಜೂರಾತಿ ಆದೇಶ ಮತ್ತು ಹಿರಿಯರ ಔಷಧಿ ಚೀಟಿ ಇವುಗಳನ್ನು ನೀರು ತಾಗದ ಒಂದೇ ಚೀಲದಲ್ಲಿಟ್ಟು ಮನೆಯವರೊಬ್ಬರು ಸ್ವತಃ ಒಯ್ಯಬೇಕು, ಲಾರಿಯಲ್ಲಿ ಹಾಕಬಾರದು. ಒಂದೊಂದು ನಕಲನ್ನು ಊರಿನಲ್ಲಿರುವ ಸಂಬಂಧಿಕರ ಬಳಿ ಇಡುವುದು ಉತ್ತಮ.

7. ಅರ್ಜಿ ಸಲ್ಲಿಸುವಾಗ

ಸರ್ಕಾರದ ಹಲವು ಸೇವೆಗಳಿಗೆ ತಡಸದ ಕಡೆ ಗ್ರಾಮ ಒನ್ ಕೇಂದ್ರಗಳಲ್ಲಿಯೂ, ಹುಬ್ಬಳ್ಳಿಯಲ್ಲಿ ಕರ್ನಾಟಕ ಒನ್ ಕೇಂದ್ರಗಳಲ್ಲಿಯೂ ಅರ್ಜಿ ಸಲ್ಲಿಸಬಹುದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಈ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದಲ್ಲದೆ, ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಿ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಲು ಅಧಿನಿಯಮದಲ್ಲಿ ಅವಕಾಶವಿದೆ.

ಈ ಎಲ್ಲ ಕೆಲಸಗಳೂ ಒಂದೇ ವಾರದಲ್ಲಿ ಆಗಬೇಕೆಂದಿಲ್ಲ. ಊರು ಬಿಡುವ ಮುನ್ನ 2ನೇ ಭಾಗದ ಕೆಲಸಗಳು ಪೂರ್ಣಗೊಂಡಿದ್ದರೆ, ಉಳಿದವುಗಳನ್ನು ಹೊಸ ಮನೆಯಲ್ಲಿ ನೆಲೆಗೊಂಡ ನಂತರ ಒಂದೊಂದಾಗಿ ಮುಗಿಸಿಕೊಳ್ಳಬಹುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.